ಹಲ್ಲಿಗೆ ಲೇಸರಿನ ರಕ್ಷೆ

ಪ್ರಶ್ನೆ: ಲೇಸರ್ ಕಿರಣ ಹಾಯಿಸಿದರೆ ಹಲ್ಲು ಹುಳುಕಾಗುವುದೇ ಇಲ್ಲವಂತೆ, ನಿಜವೆ?

ಉತ್ತರ: ನಿಜಾಂಶವುಂಟು, ‘ಇಲ್ಲವೇ ಇಲ್ಲ’ ಎಂಬುದು ಮಾತ್ರ ಅತ್ಯುಕ್ತಿ. ಹಲ್ಲಿನ ಹೊರಕವಚವಾದ ಎನಾಮೆಲ್, ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜಮಯವಾಗಿ ದೇಹದಲ್ಲೆಲ್ಲ ಅತ್ಯಂತ ಕಠಿನವಾದ ಪದಾರ್ಥವೆನಿಸಿದ್ದರೂ, ಅದರ ಸ್ಫಟಿಕಗಳಲ್ಲಿ ಬೆರೆತಿರತಕ್ಕ ಕಾರ್ಬೊನೇಟ್ ಅಂಶವು ಆಮ್ಲಕ್ಕೆ ಸುಲಭವಾಗಿ ಸೋಲುವ ಸ್ವಭಾವದ್ದಾದಕಾರಣ, ನಾವು ಮೆದ್ದ ಬೆಲ್ಲ ಸಕ್ಕರೆಗಳನ್ನು ಬಾಯಿಯ ಸೂಕ್ಷ್ಮಾಣುಗಳು ಹುಳಿಯಿಸಿ ಪಿಎಚ್ ಮಾನವನ್ನು ಸುಮಾರು 5.5ಕ್ಕಿಂತ ಕೆಳಗಿಳಿಸಿದೊಡನೆ ಕರಗತೊಡಗುತ್ತದೆ. 1960ರಲ್ಲಿ ವಿಜ್ಞಾನಿ ಮೈಮನ್ ಮಾಣಿಕ್ಯದ ಲೇಸರನ್ನು ಬೆಳಗಿಸಿದ ಕೆಲವೇ ವರ್ಷಗಳಲ್ಲಿ, ಕಿರಣ ತಾಗಿದ ಎನಾಮೆಲ್ ಆಮ್ಲವನ್ನು ಹೆಚ್ಚು ತಡೆಯುವುದನ್ನು ಅಮೆರಿಕದ ಸ್ಟರ್ನ್ ಮತ್ತು ಸೋಗ್‌ನೇಸ್ ಎಂಬ ವಿದ್ವಾಂಸರು ಪ್ರಯೋಗಶಾಲೆಯಲ್ಲಿ ಕಂಡರು. ಈ ಕಾರ್ಯಕ್ಕೆ ಬಹಳವಾಗಿ ಒಪ್ಪುವುದು 9.3 ಅಥವಾ 9.6 ಮೈಕ್ರಾನ್ ತರಂಗಾಂತರದ ಕಾರ್ಬನ್ ಡೈಆಕ್ಸೈಡ್ ಲೇಸರ್: ಎನಾಮೆಲ್ಲಿನ ಖನಿಜವೇ ಹೀರಿಕೊಳ್ಳುವ ಇದರ ಅಲ್ಪಶಕ್ತಿಯ ಮಿಡಿತಗಳು, ಕಣ್ಣೆವೆಯಿಕ್ಕುವುದಕ್ಕಿಂತಲೂ ಶೀಘ್ರವಾಗಿ, ಕೂದಲೆಳೆಗಿಂತ ತೆಳುವಾದ ಮೇಲ್ಪದರವನ್ನಷ್ಟೆ ಕಾಯಿಸಿ, ಒಳಗಿನ ಜೀವಂತ ತಿರುಳಿಗೆ ಬಿಸಿ ಮುಟ್ಟದಂತೆ ಕಾರ್ಬೊನೇಟನ್ನು ಹೊರದೂಡುತ್ತವೆ. ಶಕ್ತಿ ಮಿತಿಮೀರಿದರೆ ಎನಾಮೆಲ್ ಬಿರಿಯುತ್ತದೆ. ಫ್ಲೋರೈಡ್ ಲೇಪ ಜೊತೆಗೂಡಿದರೆ ಫಲ ಅಧಿಕ. ದೀರ್ಘಕಾಲ ರೋಗಿಗಳನ್ನು ಅವಲೋಕಿಸಿದ ಪರೀಕ್ಷೆಗಳು ಇನ್ನೂ ವಿರಳವಾದುದರಿಂದ, ಲೇಸರಿಗೆ ಹಣ ಚೆಲ್ಲುವ ಮುನ್ನ ರಾತ್ರಿ ಮಲಗುವಾಗ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದನ್ನು ರೂಢಿಸಿಕೊಳ್ಳಿರಿ.