ಕನಮೋಗೆ ಒಬ್ಬಳೇ: ಗಾಳಿಯ ಲೆಕ್ಕ, ರಜೆಯ ಲೆಕ್ಕ

ಕನಮೋ ಎಂಬ ಹೆಸರನ್ನು ನಮ್ಮ ಕಡೆಯ ಹೆಚ್ಚಿನವರು ಕೇಳಿರಲಾರರು. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ, ಕಿಬ್ಬರ್ ಎಂಬ ಊರಿನ ಹಿಂದೆ ನಿಂತಿರುವ ಬೋಳು ಶಿಖರ ಅದು. ಎತ್ತರ 6,000 ಮೀಟರಿಗೆ ಸ್ವಲ್ಪವೇ ಕಡಿಮೆ. ಮರುಭೂಮಿ ಅಂದರೆ ನಮ್ಮ ಕಣ್ಣಿಗೆ ಬರುವುದು ಜೈಸಲ್ಮೇರಿನ ಮರಳು, ಒಂಟೆ. ಸ್ಪಿತಿಯೂ ಮರುಭೂಮಿಯೇ, ಆದರೆ ಶೀತ ಮರುಭೂಮಿ. ಮುಂಗಾರಿನ ಮೋಡಗಳು ದಕ್ಷಿಣದ ಬೆಟ್ಟಸಾಲುಗಳಲ್ಲೇ ನೀರೆಲ್ಲ ಸುರಿದು ಬರಿಗೈಯಲ್ಲಿ ಬರುವ ಜಾಗ. ಈ ಸೀಮೆಯನ್ನು 2009ರಲ್ಲಿ ಶೀತ ಮರುಭೂಮಿ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿದರು; 2025ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಬರುವ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋಗಬೇಕೆಂದಿದ್ದೇನೆ. ಒಬ್ಬಳೇ. ನನಗೆ 47. ನೊಯ್ಡಾಕ್ಕೆ ಬಂದು 19 ವರ್ಷವಾಯಿತು.

ಈ ಸುದ್ದಿಗೆ ಮನೆಯಲ್ಲಿ ಬಂದ ಪ್ರತಿಕ್ರಿಯೆಗಳನ್ನು ಹೇಳಿಬಿಡುತ್ತೇನೆ. ಕಡೂರಿನಿಂದ ಅಮ್ಮ ಫೋನಿನಲ್ಲಿ, "ಮೇಲೆ ದೇವಸ್ಥಾನ ಇದ್ಯೇನೇ?" ಅಂದಳು. ಇಲ್ಲಮ್ಮ, ಕಲ್ಲುಗುಡ್ಡೆ, ಬೌದ್ಧರ ಪತಾಕೆಗಳು ಅಷ್ಟೇ ಅಂದೆ. "ಮತ್ತೆ ಯಾಕ್ ಹೋಗ್ತೀಯ?" ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ಮನೆಯವರು ಏನೂ ಹೇಳದೆ ಒಂದೇ ಮಾತು ಕೇಳಿದರು: "ನಿಮ್ಮಪ್ಪ ಹೋದಾಗ ಅವರಿಗೆಷ್ಟು ವಯಸ್ಸು?" ಐವತ್ತೊಂದು. ಹೃದಯಾಘಾತ. ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತುವುದನ್ನು ನನಗೆ ಕಲಿಸಿದವರೇ ಅಪ್ಪ. ಹಾಗಾಗಿ ಆ ಪ್ರಶ್ನೆಯನ್ನು ಹೆಂಡತಿಯನ್ನು ತಡೆಯುವ ಗಂಡನ ನೆಪ ಎಂದು ತಳ್ಳಿಹಾಕುವಂತಿರಲಿಲ್ಲ.

ಮೊದಲು ಡಾಕ್ಟರ ಬಳಿ ಹೋದೆ. ಟ್ರೆಡ್‌ಮಿಲ್ ಟೆಸ್ಟ್, ಎಕೋ, ರಕ್ತ ಪರೀಕ್ಷೆ ಎಲ್ಲ ಸರಿಯಾಗಿಯೇ ಬಂದವು. ಆದರೆ ಡಾಕ್ಟರು ಒಂದು ಮಾತು ಸ್ಪಷ್ಟವಾಗಿ ಹೇಳಿದರು: ಎತ್ತರದಲ್ಲಿ ದೇಹ ಹೇಗೆ ವರ್ತಿಸುತ್ತದೆ ಎನ್ನುವುದನ್ನು ಇಲ್ಲಿ ಕೂತು ಅಳೆಯಲಾಗದು. ದೆಹಲಿ ಇರುವುದು ಸಮುದ್ರಮಟ್ಟದಿಂದ 200 ಮೀಟರ್ ಚಿಲ್ಲರೆ ಎತ್ತರದಲ್ಲಿ. ಕನಮೋ ತುದಿಯಲ್ಲಿ ಗಾಳಿಯ ಒತ್ತಡ ಇಲ್ಲಿಯ ಹೆಚ್ಚುಕಡಿಮೆ ಅರ್ಧದಷ್ಟು. ಮ್ಯಾರಥಾನ್ ಓಡುವವರೂ ಅಲ್ಲಿ ತಲೆ ಹಿಡಿದು ಕೂತುಬಿಡಬಹುದು, ದಿನಕ್ಕೆ ನಾಲ್ಕು ಸಿಗರೇಟು ಸೇದುವವನು ಆರಾಮಾಗಿ ಹತ್ತಿಬಿಡಬಹುದು. ಕೈಯಲ್ಲಿರುವ ಒಂದೇ ಅಸ್ತ್ರವೆಂದರೆ ನಿಧಾನ.

ಈ ನಿಧಾನಕ್ಕೇ ದೆಹಲಿಯವರಾದ ನಮ್ಮಲ್ಲಿ ಬರಗಾಲ. ಕಶ್ಮೀರಿ ಗೇಟ್‌ನಲ್ಲಿ ಸಂಜೆ ಬಸ್ ಹತ್ತಿದರೆ ಬೆಳಗ್ಗೆ ಮನಾಲಿ, ಮರುದಿನ ಕುಂಜುಮ್ ಕಣಿವೆದಾರಿ ದಾಟಿ ಕಾಜಾ. ಎರಡು ದಿನದಲ್ಲಿ 3,600 ಮೀಟರಿನ ಮೇಲೆ ಮಲಗುವ ಲೆಕ್ಕ. ವಾರಾಂತ್ಯಕ್ಕೆ ಎರಡು ರಜೆ ಅಂಟಿಸಿಕೊಂಡು ಹೋಗುವವರು ಮಾಡುವುದು ಇದನ್ನೇ. ನಾನು ಕಿನ್ನೌರಿನ ಸುತ್ತುದಾರಿ ಆರಿಸಿಕೊಂಡಿದ್ದೇನೆ. ಶಿಮ್ಲಾದಲ್ಲಿ ಒಂದು ರಾತ್ರಿ, ಕಲ್ಪಾದಲ್ಲಿ (2,960 ಮೀಟರ್) ಒಂದು, ನಾಕೋದಲ್ಲಿ (3,660) ಒಂದು, ಸ್ವಲ್ಪ ಇಳಿದು ತಾಬೋದಲ್ಲಿ ಒಂದು, ಕಾಜಾದಲ್ಲಿ ಎರಡು, ಕಿಬ್ಬರ್‌ನಲ್ಲಿ (ಸುಮಾರು 4,200) ಎರಡು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುವುದು ವೈದ್ಯರ ನಿಯಮ. ಊರುಗಳಿರುವಲ್ಲೇ ಮಲಗಬೇಕಾದ್ದರಿಂದ ಅದನ್ನು ಅಕ್ಷರಶಃ ಪಾಲಿಸಲು ಆಗುವುದಿಲ್ಲ. ಅದಕ್ಕೇ ಎರಡೆರಡು ರಾತ್ರಿ. ಬೇಸ್ ಕ್ಯಾಂಪ್, ವಾಪಸಾತಿ, ರಸ್ತೆ ಕುಸಿದರೆ ಎಂದು ಎರಡು ದಿನ, ಎಲ್ಲ ಸೇರಿ 14 ದಿನದ ರಜೆ. ಶಿಖರ ಹತ್ತುವುದಕ್ಕಿಂತ ಈ ರಜೆ ಮಂಜೂರು ಮಾಡಿಸಿಕೊಳ್ಳುವುದೇ ಕಷ್ಟವಾಯಿತು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಗಾಳಿ. ಎತ್ತರಕ್ಕಿಂತ ನನಗೆ ಹೆಚ್ಚು ಯೋಚನೆಯಾಗಿರುವುದು ಇದರದ್ದು. ಮುಳ್ಳಯ್ಯನಗಿರಿಯಲ್ಲಿ ಜೂನ್ ತಿಂಗಳ ಗಾಳಿಗೆ ಸೆರಗು, ಕೊಡೆ ಎರಡನ್ನೂ ಕಳೆದುಕೊಂಡವಳು ನಾನು. ಅದು ಒದ್ದೆ ಗಾಳಿ, ಮೈಯೆಲ್ಲ ತೋಯಿಸುವಂಥದ್ದು. ಸ್ಪಿತಿಯದು ಒಣ ಗಾಳಿ. ದೆಹಲಿಯ ಮೇ ತಿಂಗಳ ಲೂ ಕಂಡವರಿಗೆ ಒಣ ಗಾಳಿ ಏನು ಮಾಡುತ್ತದೆಂದು ಗೊತ್ತು. ಅದೇ ಲೂವನ್ನು ಫ್ರಿಜ್ಜಿನೊಳಗಿಂದ ಬೀಸಿದಂತೆ ಅಂದುಕೊಳ್ಳಿ. ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ತುಟಿ ಒಡೆಯುತ್ತದೆ, ಪ್ರತಿ ಉಸಿರಿನಲ್ಲೂ ನೀರು ಹೋಗುತ್ತದೆ. ಬೇಸ್ ಕ್ಯಾಂಪ್ ಬಿಟ್ಟ ಮೇಲೆ ತುದಿಯವರೆಗೆ ನೀರನ್ನು ನಂಬುವ ಹಾಗಿಲ್ಲ, ಮೂರು ಲೀಟರ್ ಬೆನ್ನ ಮೇಲೇ ಇರಬೇಕು.

ಮರಗಿಡಗಳಿಲ್ಲದ ಇಳಿಜಾರು ಬಿಸಿಲಿಗೆ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಕಣಿವೆಯ ಗಾಳಿ ನುಗ್ಗುತ್ತದೆ. ಆದ್ದರಿಂದ ಬೆಳಗಿನ ಜಾವ ಶಾಂತವಾಗಿರುವ ಬೆಟ್ಟ ಮಧ್ಯಾಹ್ನದ ಹೊತ್ತಿಗೆ ಬೇರೆಯದೇ ಆಗಿರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿ ಮೈಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟು. ಉಷ್ಣಾಂಶ ಮೈನಸ್ 5 ಡಿಗ್ರಿ ಇದ್ದು ಗಾಳಿ ಗಂಟೆಗೆ 40 ಕಿಲೋಮೀಟರ್ ಬೀಸಿದರೆ ಚರ್ಮಕ್ಕೆ ಅದು ಮೈನಸ್ 14ರಂತೆ. ಕನಮೋ ಮೇಲ್ಭಾಗವೆಲ್ಲ ಸಡಿಲ ಕಲ್ಲುಚೂರಿನ ಇಳಿಜಾರು. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಜಾರುತ್ತದಂತೆ. ಅಲ್ಲಿ ಪಕ್ಕದಿಂದ ಗಾಳಿ ತಳ್ಳತೊಡಗಿದರೆ ಕೋಲು ಹಿಡಿದ ಕೈ ಮರಗಟ್ಟುವ ಮೊದಲೇ ತಿರುಗಬೇಕು. ಗುಂಪಿನಲ್ಲಿದ್ದರೆ ಕೈಗವಸು ಹಾರಿಹೋದರೆ ಯಾರಾದರೂ ಇನ್ನೊಂದು ಕೊಡುತ್ತಾರೆ. ಒಬ್ಬಳೇ ಇದ್ದಾಗ ಕೈಗವಸೂ ಎರಡು ಜೊತೆ, ಟಾರ್ಚೂ ಎರಡು, ಚೀಲ ಭಾರ, ಹೆಜ್ಜೆ ನಿಧಾನ, ಹೊತ್ತು ಏರಿ ಗಾಳಿಯ ಬಾಯಿಗೆ ಬೀಳುವ ಸಾಧ್ಯತೆ ಇನ್ನೂ ಹೆಚ್ಚು. ಒಂಟಿ ಚಾರಣದ ನಿಜವಾದ ಬಿಕ್ಕಟ್ಟು ಇದು.

ಇದನ್ನೆಲ್ಲ ಓದಿಕೊಳ್ಳಲು ಬೆನಿಟೋ ಹ್ವಾರೆಜ್ ಮಾರ್ಗದಲ್ಲಿರುವ ಇಂಡಿಯನ್ ಮೌಂಟನೇರಿಂಗ್ ಫೌಂಡೇಶನ್ನಿಗೆ ಹೋಗುತ್ತಿದ್ದೇನೆ. ಅಲ್ಲಿ ಗ್ರಂಥಾಲಯ ಇದೆ, ಹತ್ತಲು ಕಟ್ಟಿದ ಗೋಡೆಯಿದೆ, ಮ್ಯೂಸಿಯಂ ಇದೆ. ನಮ್ಮ ದೆಹಲಿ ಕರ್ನಾಟಕ ಸಂಘಕ್ಕೆ ಬರುವವರು ಆಟೋದಲ್ಲಿ ಸ್ವಲ್ಪ ಮುಂದೆ ಹೋದರೆ ಸಾಕು. ಇಷ್ಟು ವರ್ಷ ಯಕ್ಷಗಾನಕ್ಕೂ ಬಿಸಿಬೇಳೆ ಬಾತಿಗೂ ಆ ಕಡೆ ಓಡಾಡಿದ ಎಷ್ಟು ಜನ ಒಳಗೆ ಹೋಗಿದ್ದೇವೆ? ಕಿಬ್ಬರ್‌ಗೂ ನಮಗೂ ಇನ್ನೊಂದು ನಂಟಿದೆ. ಆ ಊರಿನ ಸುತ್ತಲಿನ ವನ್ಯಜೀವಿಧಾಮದಲ್ಲಿ ಊರಿನವರ ಜೊತೆ ಸೇರಿ ಹಿಮಚಿರತೆಯ ರಕ್ಷಣೆಗೆ ದಶಕಗಳಿಂದ ದುಡಿಯುತ್ತಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನದ್ದು. ಕಾಜಾದಲ್ಲಿ ಅರಣ್ಯ ಇಲಾಖೆಯವರನ್ನೂ ಆಡಳಿತದವರನ್ನೂ ಕೇಳಿ, ಒಪ್ಪಿಗೆ ಸಿಕ್ಕರೆ ಮಾತ್ರ ಮುಂದಿನ ಮಾತು.

ಅಭ್ಯಾಸಕ್ಕೆ ಬೆಟ್ಟವೆಲ್ಲಿ? ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ, ನೊಯ್ಡಾದಲ್ಲಿ ಹತ್ತಿರವೂ ಇಲ್ಲ ದೂರವೂ ಇಲ್ಲ. ನಮ್ಮ ಟವರಿಗೆ 22 ಮಹಡಿ, ಹೆಚ್ಚುಕಡಿಮೆ 66 ಮೀಟರ್. ಬೇಸ್ ಕ್ಯಾಂಪಿನಿಂದ ಕನಮೋ ತುದಿಗೆ ಸಾವಿರ ಮೀಟರಿಗೂ ಮೇಲೆ, ಅಂದರೆ ಹದಿನಾರು ಸಲ. ಭಾನುವಾರ ಬೆಳಗ್ಗೆ ಐದಕ್ಕೆ ಹತ್ತು ಲೀಟರ್ ನೀರಿನ ಚೀಲ ಹೊತ್ತು ಹತ್ತುತ್ತೇನೆ, ಲಿಫ್ಟಿನಲ್ಲಿ ಇಳಿಯುತ್ತೇನೆ. ಸದ್ಯಕ್ಕೆ ಒಂಬತ್ತು ಸಲಕ್ಕೆ ಬಂದಿದೆ. ಸೆಕ್ಯುರಿಟಿಯವರು ಮೊದಲ ವಾರ ಲಿಫ್ಟ್ ಕೆಟ್ಟಿಲ್ಲ ಮೇಡಂ ಅಂದಿದ್ದರು, ಈಗ ಎಣಿಸಿ ಹೇಳುತ್ತಾರೆ. ಗುರುಗ್ರಾಮದ ಅರಾವಳಿ ಪಾರ್ಕಿಗೆ ತಿಂಗಳಿಗೊಮ್ಮೆ.

ಒಬ್ಬಳೇ ಯಾಕೆ ಎನ್ನುವುದಕ್ಕೆ ದೊಡ್ಡ ಕಾರಣ ಇಲ್ಲ. ಅಪ್ಪನ ಜೊತೆ ಹತ್ತುವಾಗ ಇಬ್ಬರೂ ಮಾತಾಡುತ್ತಿರಲಿಲ್ಲ. ಆ ಮೌನದ ನಡಿಗೆ ಯಾವ ಗುಂಪಿನಲ್ಲೂ ಸಿಗಲಿಲ್ಲ.

ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಕಿಬ್ಬರ್‌ನಿಂದ ಒಬ್ಬರು ಬೇಸ್ ಕ್ಯಾಂಪಿನವರೆಗೆ ನನ್ನ ಜೊತೆ ಬಂದು ಅಲ್ಲೇ ಡೇರೆಯಲ್ಲಿ ಇರುತ್ತಾರೆ. ಅಲ್ಲಿಂದ ಮೇಲಕ್ಕೆ ನಾನೊಬ್ಬಳೇ. ಇದು ಒಂಟಿ ಚಾರಣ ಹೇಗಾಯಿತು ಎಂದು ಗೆಳತಿಯೊಬ್ಬಳು ನಕ್ಕಳು, ನಗಲಿ. ಗಾಳಿಯ ಮುನ್ಸೂಚನೆ ಗಂಟೆಗೆ 40 ಕಿಲೋಮೀಟರ್ ದಾಟಿದ್ದರೆ ಆ ದಿನ ಹೊರಡುವುದಿಲ್ಲ. ಹಿಂದಿನ ರಾತ್ರಿ ತಲೆನೋವಿನ ಜೊತೆ ವಾಂತಿಯೋ ಕಾಲು ತಡವರಿಕೆಯೋ ಕಂಡರೆ ಕಿಬ್ಬರ್‌ಗೆ ಇಳಿಯುವುದು. ಹೊರಡುವುದು ರಾತ್ರಿ ಎರಡಕ್ಕೆ. ತುದಿ ಇನ್ನು ನೂರೇ ಮೀಟರ್ ಉಳಿದಿದ್ದರೂ ಹನ್ನೊಂದಕ್ಕೆ ವಾಪಸ್. ಮಧ್ಯಾಹ್ನ ಮೂರಕ್ಕೆ ಡೇರೆ ತಲುಪದಿದ್ದರೆ ಅವರು ಊರಿಗೆ ಸುದ್ದಿ ಮುಟ್ಟಿಸಬೇಕು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಮರುದಿನ ನೋಡಿದರೆ ಹನ್ನೊಂದನ್ನು ಹೊಡೆದುಹಾಕಿ, ಪೆನ್ಸಿಲ್ಲಿನಲ್ಲಿ ಹತ್ತೂವರೆ ಎಂದು ಬರೆದಿದ್ದರು. ನಾನು ಅದನ್ನು ತಿದ್ದಿಲ್ಲ.