ಜ್ವರದ ಹೆಸರು: ಮಲೆನಾಡಿನ ರೋಗನಾಮಗಳು ಮತ್ತು ಪ್ರಯೋಗಾಲಯದ ಗುರುತು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ರೋಗದ ಹೆಸರನ್ನು ವಿಚಾರಿಸಿದಾಗ ದೊರೆಯುವ ಉತ್ತರ ಬಹುಮಟ್ಟಿಗೆ ಒಂದು ವರ್ಣನೆಯೇ ಆಗಿರುತ್ತದೆ. ನಡುಕದೊಡನೆ ಬಂದುದು ಚಳಿಜ್ವರ. ಕೆಮ್ಮಿನ ಸದ್ದು ಬೊಗಳುವಿಕೆಯನ್ನು ಹೋಲಿದರೆ ನಾಯಿಕೆಮ್ಮು. ಉಸಿರು ಕಟ್ಟಿಸಿ ಮಗುವನ್ನು ಒಯ್ಯುತ್ತಿದ್ದುದು ಗಂಟಲುಮಾರಿ. ಮೈಮೇಲೆ ಗುಳ್ಳೆಯೆದ್ದರೆ ಅದನ್ನು ರೋಗವೆನ್ನುವುದೇ ಸಲ್ಲದು, 'ಅಮ್ಮ ಬಂದಿದ್ದಾಳೆ' ಎನ್ನಬೇಕು. ಶಿರಸಿಯ ಮಾರಿಕಾಂಬೆಯ ನೆಲದಲ್ಲಿ ಈ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ. ಲಕ್ಷಣ, ಅಂಗ, ಪ್ರಾಣಿ, ದೈವ ಇವು ಜನಪದರ ರೋಗನಾಮಕರಣದ ಆಧಾರಗಳು. ನಮ್ಮ ವಿದ್ವಾಂಸರು ಈ ಹೆಸರುಗಳನ್ನು ಜನಪದ ವೈದ್ಯದ ಅಧ್ಯಾಯದಲ್ಲಿ ಪಟ್ಟಿ ಮಾಡಿ ಮುಂದೆ ಸಾಗಿದ್ದಾರೆ. ಹೆಸರಿಡುವ ಕ್ರಮವೇ ಒಂದು ಜ್ಞಾನಕ್ರಮವೆಂಬುದನ್ನೂ, ಪ್ರಯೋಗಾಲಯದ ನಾಮಕರಣ ಅದರಿಂದ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜಾನುವಾರುಗಳ ವಿಷಯದಲ್ಲಿ ಈ ಎರಡು ಕ್ರಮಗಳು ಅಚ್ಚರಿಯೆನಿಸುವಷ್ಟು ಹತ್ತಿರ ಬರುತ್ತವೆ. ಚಪ್ಪೆಯ ಮಾಂಸಖಂಡ ಊದಿ, ಒತ್ತಿದರೆ ಚರಚರ ಸದ್ದು ಮಾಡುವ ಬೇನೆಗೆ ದನ ಕಾಯುವವರು ಚಪ್ಪೆರೋಗವೆಂದರು. ಪಶುವೈದ್ಯರು ಅದೇ ಊತದ ದ್ರವವನ್ನು ಗಾಜಿನ ಮೇಲೆ ಸವರಿ ನೋಡಿ ಕ್ಲಾಸ್ಟ್ರೀಡಿಯಂ ಷೋವಿಯೈ ಎಂಬ ಬ್ಯಾಕ್ಟೀರಿಯವನ್ನು ಕಂಡರು. ಗಂಟಲು ಊದಿಸುವ ಗಳಲೆ ರೋಗದಲ್ಲಿ ಪಾಶ್ಚುರೆಲ್ಲ ಕಂಡಿತು. ಇಲ್ಲಿ ಜನಪದ ಹೆಸರು ಒಂದೇ ರೋಗವನ್ನು, ಬಹುತೇಕ ತಪ್ಪಿಲ್ಲದೆ, ಬೊಟ್ಟುಮಾಡಿ ತೋರಿಸಿತ್ತು.

ಮನುಷ್ಯರ ಜ್ವರಗಳಲ್ಲಿ ಹಾಗಾಗಲಿಲ್ಲ. ಜ್ವರ ಕಣ್ಣಿಗೆ ತೋರುವ ಗುರುತನ್ನು ಕೊಡುವುದು ಕಡಿಮೆ. ಪ್ರಯೋಗಾಲಯ ರೋಗಿಯ ಮುಖವನ್ನು ಬಿಟ್ಟು ಅವನ ರಕ್ತ, ಕಫ, ಮೂತ್ರಗಳೊಳಗಿನ ಜೀವಿಯ ನಡತೆಯನ್ನು ಕೇಳುತ್ತದೆ. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ವರ್ಣಲೇಪನ ಕ್ರಮದಲ್ಲಿ, ನೇರಳೆ ಬಣ್ಣ ಹಚ್ಚಿ ಮದ್ಯಸಾರದಿಂದ ತೊಳೆದಾಗ ಕೆಲವು ಬ್ಯಾಕ್ಟೀರಿಯಗಳು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕೆಲವು ಬಿಟ್ಟುಕೊಟ್ಟು ಅನಂತರದ ಕೆಂಪನ್ನು ಪಡೆಯುತ್ತವೆ. ಕೋಶಭಿತ್ತಿಯ ರಚನೆಯ ಈ ಭೇದವೇ ಮೊದಲ ಕವಲು. ಬಳಿಕ ಅದು ಯಾವ ಆಹಾರದಲ್ಲಿ ಬೆಳೆಯುತ್ತದೆ, ಯಾವ ಸಕ್ಕರೆಯನ್ನು ಹುಳಿಯಾಗಿಸುತ್ತದೆ, ಯಾವ ಪ್ರತಿಕಾಯಕ್ಕೆ ಗಂಟುಗಟ್ಟುತ್ತದೆ ಎಂಬ ಪ್ರಶ್ನೆಗಳು ಬರುತ್ತವೆ. ಹಸುಗೂಸಿನ ನಾಲಗೆಯ ಮೇಲಿನ ಬಿಳಿಯ ಪೊರೆಯಲ್ಲಿ ಸಿಗುವುದು ಬ್ಯಾಕ್ಟೀರಿಯವಲ್ಲ, ಯೀಸ್ಟ್ ಎಂಬ ಏಕಕೋಶದ ಶಿಲೀಂಧ್ರ. ಅದನ್ನು ಮನುಷ್ಯನ ರಕ್ತಸಾರದಲ್ಲಿ 37 ಡಿಗ್ರಿ ಶಾಖದಲ್ಲಿ ಎರಡು-ಮೂರು ಗಂಟೆ ಇಟ್ಟರೆ, ಕ್ಯಾಂಡಿಡ ಆಲ್ಬಿಕನ್ಸ್ ಆಗಿದ್ದ ಪಕ್ಷದಲ್ಲಿ, ಮೊಳಕೆಯಂತಹ ನಳಿಕೆಯನ್ನು ಹೊರಚಾಚುತ್ತದೆ. ಬೀಜದ ಜಾತಿಯನ್ನು ಮೊಳಕೆಯಲ್ಲಿ ಗುರುತಿಸುವ ಬೇಸಾಯಗಾರನಿಗೆ ಈ ಪರೀಕ್ಷೆ ವಿಚಿತ್ರವೆನಿಸಲಾರದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬಹುದು. ಬ್ಯಾಕ್ಟೀರಿಯ ಬೆಳೆಸುವ ಪಾತ್ರೆಗೆ ಅಗರ್ ಎಂಬ ಕಡಲಪಾಚಿಯ ಅಂಟು ಬಂದುದು ಅಡುಗೆಮನೆಯಿಂದ. ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, ಸಿಹಿತಿನಿಸು ಗಟ್ಟಿಯಾಗಲು ತಾನು ಬಳಸುತ್ತಿದ್ದ ಅಗರನ್ನು 1881ರ ಸುಮಾರಿಗೆ ಸೂಚಿಸಿದಳು. ಜಾವಾದ ಪಾಕಪದ್ಧತಿಯಿಂದ ಬಂದ ಆ ತಿಳಿವಳಿಕೆ ಇಂದು ಜಗತ್ತಿನ ಎಲ್ಲ ಸೂಕ್ಷ್ಮಜೀವಿ ಪ್ರಯೋಗಾಲಯಗಳಲ್ಲಿದೆ. ದೇಸಿ ಜ್ಞಾನ ಮತ್ತು ವಿಜ್ಞಾನಗಳ ನಡುವೆ ಗೋಡೆಯೆಬ್ಬಿಸುವವರು ಇದನ್ನು ಗಮನಿಸುವುದಿಲ್ಲ.

ಪ್ರಸ್ತುತ ಮೂರು ತಾಲೂಕುಗಳ ಕಷ್ಟವಿರುವುದು ಒಂದೇ ಮುಖದ ಹಲವು ಜ್ವರಗಳಲ್ಲಿ. ತೀವ್ರ ಜ್ವರ, ತಲೆನೋವು, ಮೈಕೈ ನೋವು: ಇಲಿಜ್ವರವೂ ಹೀಗೆಯೇ ಆರಂಭವಾಗುತ್ತದೆ, ಟೈಫಾಯಿಡ್ಡೂ, ಸ್ಕ್ರಬ್ ಟೈಫಸ್ಸೂ, ಮಂಗನ ಕಾಯಿಲೆಯೂ ಹೀಗೆಯೇ. ಇಲಿಜ್ವರದ ಲೆಪ್ಟೋಸ್ಪೈರ ತೀರ ಸಪೂರವಾದ ಸುರುಳಿ. ಗ್ರಾಮ್ ಬಣ್ಣಕ್ಕೆ ಅದು ಸರಿಯಾಗಿ ಸಿಕ್ಕದು, ಕತ್ತಲೆಯ ಹಿನ್ನೆಲೆಯ ಸೂಕ್ಷ್ಮದರ್ಶಕ ಬೇಕು, ಬೆಳೆಸಲು ವಾರಗಳೇ ಬೇಕು. ಸ್ಕ್ರಬ್ ಟೈಫಸ್ಸಿನ ಬ್ಯಾಕ್ಟೀರಿಯ ಜೀವಂತ ಕೋಶದ ಒಳಗಲ್ಲದೆ ಅಗರಿನ ಮೇಲೆ ಬೆಳೆಯುವುದೇ ಇಲ್ಲ. ಆದುದರಿಂದ ಇವೆರಡರಲ್ಲೂ ಜೀವಿಗಿಂತ ಹೆಚ್ಚಾಗಿ, ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತಾರೆ. ಹೆಸರು ಇಲ್ಲಿ ಕೇವಲ ಹೆಸರಲ್ಲ: ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್ಸಿಗೂ ಡಾಕ್ಸಿಸೈಕ್ಲಿನ್ ನಾಟುತ್ತದೆ, ಮಂಗನ ಕಾಯಿಲೆ ವೈರಸ್ಸಿನದಾದ್ದರಿಂದ ಅದಕ್ಕೆ ಆ ಔಷಧಿಯಿಂದ ಪ್ರಯೋಜನವಿಲ್ಲ.

ಮಂಗನ ಕಾಯಿಲೆಯ ಗುರುತು ಪತ್ತೆಯಾದ ಬಗೆ ನಮ್ಮ ಅಧ್ಯಯನಕ್ಕೆ ಬಹುಮುಖ್ಯವಾದುದು. 1957ರ ಮಾರ್ಚಿಯಲ್ಲಿ, ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಿಂದ ಬೇರ್ಪಟ್ಟು ಹೊಸ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ತಿಂಗಳಾಗಿದ್ದಾಗ, ಸಿದ್ದಾಪುರಕ್ಕೆ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಜನರಿಗೆ ಜ್ವರ ಬರುತ್ತಿತ್ತು. ಮಂಗಗಳ ಸಾವೆಂದೊಡನೆ, ಭಾರತದಲ್ಲಿ ಎಂದೂ ಇಲ್ಲದ ಹಳದಿ ಜ್ವರ ಬಂದಿತೇ ಎಂಬ ಆತಂಕ ಅಂತರರಾಷ್ಟ್ರೀಯ ಮಟ್ಟದಲ್ಲಿಯೇ ಎದ್ದಿತು. 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಸಂಗಡಿಗರು ಸತ್ತ ಮಂಗಗಳ ಅಂಗಾಂಶಗಳನ್ನೂ ರೋಗಿಗಳ ರಕ್ತವನ್ನೂ ಸಂಗ್ರಹಿಸಿದರು. ವೈರಸ್ಸು ಅಗರಿನ ಮೇಲೆ ಬೆಳೆಯದು. ಹಾಲುಕುಡಿಯುವ ಇಲಿಮರಿಗಳ ಮಿದುಳಿಗೆ ಆ ದ್ರವವನ್ನು ಚುಚ್ಚಿ, ಕಾಯಿಲೆ ಬಿದ್ದ ಮರಿಗಳಿಂದ ಅದನ್ನು ಬೇರ್ಪಡಿಸಬೇಕಾಯಿತು. ಬಳಿಕ ತಿಳಿದ ವೈರಸ್ಸುಗಳ ಪ್ರತಿಕಾಯಗಳೊಡನೆ ಹೋಲಿಸಿ ನೋಡಿದಾಗ, ಅದು ಹಳದಿ ಜ್ವರದ್ದಲ್ಲವೆಂದೂ, ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುರಿತದ ವೈರಸ್ಸುಗಳ ಬಳಗಕ್ಕೆ ಸೇರಿದ ಹೊಸದೊಂದೆಂದೂ ತಿಳಿಯಿತು. ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಕಾಡುಣುಗು ಮುಖ್ಯ ವಾಹಕವೆಂಬುದೂ ಸ್ಥಿರಪಟ್ಟಿತು.

ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಸಂಬಂಧವಿದೆಯೆಂಬ ಜನರ ಗ್ರಹಿಕೆಯನ್ನು ಪ್ರಯೋಗಾಲಯ ಅಲ್ಲಗಳೆಯಲಿಲ್ಲ, ದೃಢಪಡಿಸಿತು. ಇಂದಿಗೂ ಕಾಡಿನಲ್ಲಿ ಮಂಗ ಸತ್ತ ಸುದ್ದಿಯೇ ಆರೋಗ್ಯ ಇಲಾಖೆಗೆ ಮೊದಲ ಎಚ್ಚರಿಕೆ. ತಪ್ಪಿದ್ದು ಸಂಬಂಧದ ದಿಕ್ಕಿನಲ್ಲಿ. ಮಂಗ ರೋಗವನ್ನು ಕೊಡುವುದಲ್ಲ, ಅದೂ ರೋಗಿಯೇ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ನೆಲವನ್ನು ಅಪಾಯಕಾರಿಯಾಗಿಸುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಆದರೆ 'ಮಂಗನ ಕಾಯಿಲೆ' ಎಂಬ ಹೆಸರು ಅಪರಾಧವನ್ನು ಮಂಗದ ತಲೆಗೆ ಕಟ್ಟಿತು. ಈ ಭಾಗದ ಆಡುಮಾತಿನಲ್ಲಿ ಕಪ್ಪುಮೋರೆಯ ಮುಸಿಯ ಬೇರೆ, ಮಂಗ ಬೇರೆ. ಎರಡೂ ಈ ರೋಗದಲ್ಲಿ ಸಾಯುತ್ತವೆ. ಹೆಸರಿನಲ್ಲಿ ಮುಸಿಯಕ್ಕೂ ಸ್ಥಾನವಿಲ್ಲ, ಉಣುಗಿಗೂ ಇಲ್ಲ.

ಉಣುಗು ಹೆಸರಿನಿಂದ ಬಿಟ್ಟುಹೋದುದರ ಬೆಲೆಯನ್ನು ತೆರುವವರು ಕಾಡಿಗೆ ಹೋಗುವವರು. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ಸೊಪ್ಪಿನಬೆಟ್ಟದಿಂದ ದರಕು ತರುವ ಕಾಲ ಚಳಿಗಾಲ ಮತ್ತು ಬೇಸಿಗೆಯ ಆರಂಭ. ಉಣುಗಿನ ಮರಿಗಳು ಒಣಎಲೆಯ ನಡುವೆ ದಟ್ಟವಾಗಿರುವುದೂ ಆಗಲೇ. ಡಿಸೆಂಬರಿನಿಂದ ಮೇವರೆಗಿನ ರೋಗದ ಋತು ಹೀಗೆ ಕೃಷಿಯ ಋತುವಿನ ಮೇಲೆಯೇ ಬಂದು ಕೂರುತ್ತದೆ. ಕ್ಷೇತ್ರಕಾರ್ಯದಲ್ಲಿ ನಾನು ಮಾತನಾಡಿಸಿದ ದರಕು ಹೊರುವ ಹಿರಿಯ ಹೆಂಗಸೊಬ್ಬರು, ಮಂಗ ಸತ್ತ ಕಡೆ ತಾವು ಹೋಗುವುದಿಲ್ಲವೆಂದು ಖಚಿತವಾಗಿ ಹೇಳಿದರು. ಉಣುಗನ್ನು ಮಾತ್ರ ದಿನನಿತ್ಯದ ಕಿರುಕುಳವೆಂದು ನಕ್ಕು ಬದಿಗಿಟ್ಟರು. ನನ್ನ ಟಿಪ್ಪಣಿಯಲ್ಲಿ ಆ ನಗೆಯನ್ನು ಬರೆದುಕೊಂಡಿದ್ದೇನೆ, ಏಕೆಂದರೆ ಆರೋಗ್ಯ ಶಿಕ್ಷಣದ ಯಾವ ಭಿತ್ತಿಪತ್ರವೂ ಆ ನಗೆಯನ್ನು ಎದುರಿಸಿದಂತೆ ನನಗೆ ಕಂಡಿಲ್ಲ.

ಇಂದು ಇಲಿಮರಿಗಳ ಅಗತ್ಯ ಬಹುಮಟ್ಟಿಗೆ ಇಲ್ಲ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುವುದರಿಂದ ಅದರ ವಂಶವಸ್ತುವನ್ನು ಆರ್‌ಟಿ-ಪಿಸಿಆರ್ ಕ್ರಮದಿಂದ ಗುಣಿಸಿ ನೋಡುತ್ತಾರೆ. ದಿನಗಳುರುಳಿದಂತೆ ವೈರಸ್ಸು ಮರೆಯಾಗಿ ಪ್ರತಿಕಾಯ ಮೂಡುತ್ತದೆ, ಆಗ ಎಲೈಸಾ ಪರೀಕ್ಷೆ. ಆದುದರಿಂದ ಜ್ವರ ಬಂದು ಎಷ್ಟು ದಿನವಾಯಿತು ಎಂಬ ಪ್ರಶ್ನೆಗೆ ರೋಗಿ ಕೊಡುವ ಉತ್ತರವೂ ಪರೀಕ್ಷೆಯ ಒಂದು ಅಂಗವೇ. ಅದನ್ನು ಅವನು ತಾರೀಖಿನಲ್ಲಿ ಹೇಳುವುದಿಲ್ಲ. ಸಂತೆಯ ಮರುದಿನ, ಕೊನೆಕೊಯ್ಲು ಮುಗಿದ ದಿನ ಎಂದು ಹೇಳುತ್ತಾನೆ. ಅದನ್ನು ದಿನಾಂಕಕ್ಕೆ ತಿರುಗಿಸಬಲ್ಲವರು ಆಸ್ಪತ್ರೆಯಲ್ಲಿರಬೇಕು. ಸಿದ್ದಾಪುರದ ಕಡೆಯ ರಕ್ತದ ಮಾದರಿಗಳು ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಘಟ್ಟದ ಹಾದಿ ಸವೆಸಿ ಹೋದದ್ದನ್ನು ಈ ಭಾಗದವರು ಬಲ್ಲರು. ದಶಕಗಳ ಕಾಲ ಹಾಕಲಾಗುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು 2022ರಲ್ಲಿ ನಿಲ್ಲಿಸಲಾಯಿತು. 2024ರ ಋತುವಿನಲ್ಲಿ ಸಿದ್ದಾಪುರ ತಾಲೂಕು ಹೆಚ್ಚು ಬಾಧೆಗೊಳಗಾದ ಪ್ರದೇಶಗಳಲ್ಲಿ ಒಂದಾಗಿತ್ತು. ಲಸಿಕೆಯಿಲ್ಲದ ಕಾಲದಲ್ಲಿ ಬೇಗ ಗುರುತಿಸುವುದೂ ಉಣುಗನ್ನು ದೂರವಿಡುವುದೂ ಉಳಿದ ದಾರಿಗಳು.

ಜನಪದ ಹೆಸರು ವಿಜ್ಞಾನದೊಳಕ್ಕೆ ಹೋದ ಉದಾಹರಣೆಗಳೂ ಇವೆ. ಅಡಿಕೆಯ ಕೊಳೆರೋಗದ ಕಾರಣವಾದ ಫೈಟಾಫ್ತೊರವನ್ನು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದಾಗ 'ಕೊಳೆರೋಗ' ಎಂಬ ಮಾತನ್ನೇ ಇಂಗ್ಲಿಷಿನಲ್ಲೂ ಉಳಿಸಿಕೊಂಡನು. ಅದಕ್ಕೂ ಮುನ್ನ, 1876ರಲ್ಲಿ, ಕಾಫಿಯ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟಿದ್ದನು. ಕ್ಯಾಸನೂರು ಎಂಬ ಊರಿನ ಹೆಸರೂ ಅದೇ ರೀತಿ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದೆ. ಹಳ್ಳಿಯಲ್ಲಿ ಮಾತ್ರ ಆ ಹೆಸರು ಬಳಕೆಯಲ್ಲಿಲ್ಲ. ಅಲ್ಲಿ ಈಗಲೂ ಅದು ಮಂಗನ ಕಾಯಿಲೆಯೇ.