ಕುಲುಮೆಯ ಮನೆಯಿಂದ ಕುಲಪತಿ ಪೀಠಕ್ಕೆ

ಹೊಸಪೇಟೆಯ ಬಳಿ ಟಿ.ಬಿ. ಡ್ಯಾಂ 1953ರಿಂದ ತುಂಗಭದ್ರೆಯ ನೀರನ್ನು ಹೊಲಗದ್ದೆಗಳಿಗೆ ಹರಿಸುತ್ತಿದೆ. ಅದೇ ಸೀಮೆಯಲ್ಲಿ, ಹಂಪೆಯ ನೆರೆಯ ವಿದ್ಯಾರಣ್ಯದಲ್ಲಿ, ಮತ್ತೊಂದು ಕಟ್ಟೆಯುಂಟು. ಅದು ಕಟ್ಟಿರುವುದು ನೀರನ್ನಲ್ಲ, ನಾಡಿನ ಅರಿವನ್ನು. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವೇ ಅದು. ಅದರ ಮೊದಲ ಕುಲಪತಿಗಳು ಡಾ. ಚಂದ್ರಶೇಖರ ಕಂಬಾರರು.

ಕಂಬಾರರು ಜನಿಸಿದ್ದು 1937ರ ಜನವರಿ 2ರಂದು, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಮನೆತನದ ಕಸುಬು ಕಮ್ಮಾರಿಕೆ. ಬಡತನದ ದೆಸೆಯಿಂದ ಗೋಕಾಕದಲ್ಲಿನ ಓದು ನಿಂತೇ ಹೋಗುವಂತಿದ್ದಾಗ ಸಾವಳಗಿಯ ಸಿದ್ಧರಾಮ ಸ್ವಾಮಿಗಳು ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. ಆ ನೆರವು ವ್ಯರ್ಥವಾಗಲಿಲ್ಲ. 1962ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಎಂ.ಎ. ಪದವಿ, ಮುಂದೆ ಅಲ್ಲಿಯೇ ಡಾಕ್ಟರೇಟು. ಸಂಶೋಧನೆಗೆ ಅವರು ಆರಿಸಿಕೊಂಡ ವಿಷಯ ಉತ್ತರ ಕರ್ನಾಟಕದ ಜನಪದ ರಂಗಭೂಮಿ. ಬಾಲ್ಯದಲ್ಲಿ ಕಂಡ ಬಯಲಾಟವೇ ಪಾಂಡಿತ್ಯದ ವಿಷಯವಾಯಿತು.

ಕೆಲಕಾಲ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಬೋಧಿಸಿ, ಬಳಿಕ ಎರಡು ದಶಕಗಳಿಗೂ ಮಿಕ್ಕಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅವರು ಅಧ್ಯಾಪಕರಾಗಿದ್ದರು. 1985ರಲ್ಲಿ ಅವರ ಸಂಪಾದಕತ್ವದ ಕನ್ನಡ ಜಾನಪದ ವಿಶ್ವಕೋಶವು ಎರಡು ಸಂಪುಟಗಳಲ್ಲಿ ಹೊರಬಂದಿತು. ಅಕ್ಷರವರಿಯದವರ ಅರಿವೂ ವಿದ್ಯೆಯೇ ಎಂಬುದು ಅವರ ಸಾಧನೆಯ ತಿರುಳು.

ಆ ನಂಬಿಕೆಗೆ ನಿಜವಾದ ಪರೀಕ್ಷೆ ಒದಗಿದುದು ಹಂಪೆಯಲ್ಲಿ. ಹೊಸ ವಿದ್ಯಾಪೀಠವು ಕಾಲೇಜುಗಳಿಗೆ ಮನ್ನಣೆ ನೀಡಿ ಸಾವಿರಾರು ಜನರಿಗೆ ಪರೀಕ್ಷೆ ನಡೆಸುವ ಸಂಸ್ಥೆಯಲ್ಲ. ಸಂಶೋಧನೆಯೇ ಅದರ ಮುಖ್ಯ ಕಾಯಕ. ಭಾಷೆ, ಸಮಾಜವಿಜ್ಞಾನ, ಲಲಿತಕಲೆಗಳ ಶೋಧನೆಯೆಲ್ಲ ಕನ್ನಡದಲ್ಲಿಯೇ ನಡೆಯಬೇಕು. ಪ್ರೌಢ ಶಾಸ್ತ್ರವಿಚಾರಕ್ಕೆ ದೇಶಭಾಷೆ ಸಾಲದೆಂಬ ಹಳೆಯ ಶಂಕೆಗೆ ಅಲ್ಲಿನ ಪ್ರಸಾರಾಂಗದ ನೂರಾರು ಗ್ರಂಥಗಳೇ ಉತ್ತರವಾಗಿವೆ.

2010ರ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಕಂಬಾರರಿಗೆ ಸಂದಿತು. 2019ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಅವರು ಎಳೆಯರ ಶಿಕ್ಷಣ ಕನ್ನಡದಲ್ಲಿಯೇ ಆಗಬೇಕೆಂದು ಆಗ್ರಹಪಡಿಸಿದರು. ಆದರೆ ಪೀಠ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯದು. ಇತ್ತೀಚಿನ ವರ್ಷಗಳಲ್ಲಿ ಹಂಪೆಯ ವಿಶ್ವವಿದ್ಯಾಲಯವು ಅನುದಾನದ ಅಭಾವದಿಂದ ಬಳಲಿದುದನ್ನು ನಾಡು ಕಂಡಿದೆ. ಕಟ್ಟೆಗೆ ಒಳಹರಿವು ತಪ್ಪಿದರೆ ಕಾಲುವೆ ಒಣಗದೆ ಇದ್ದೀತೆ?

ಈ ವಿದ್ಯಾಲಯವು ನೀಡುವ ಗೌರವ ಪದವಿಯ ಹೆಸರು 'ನಾಡೋಜ'. ಓಜನೆಂದರೆ ಗುರು, ಶಾಸನಗಳಲ್ಲಿ ದಾಸೋಜನಂತಹ ಶಿಲ್ಪಿಗಳ ಹೆಸರಿನ ಕೊನೆಗೂ ಅದೇ ಪದ. ಕೈಕಸುಬಿನವನನ್ನೂ ಉಪಾಧ್ಯಾಯನನ್ನೂ ಒಂದೇ ಮಾತಿನಿಂದ ಗೌರವಿಸಿದ ಭಾಷೆಗೆ, ಕುಲುಮೆಯ ಮನೆಯವರೊಬ್ಬರು ವಿಶ್ವವಿದ್ಯಾಲಯ ಕಟ್ಟಿದುದು ಸಹಜವಾಗಿಯೇ ಒಪ್ಪುತ್ತದೆ.